ಗುಡ್ಡ ಜರುಗಿತೋ, ಡಬ್ಬಿ ಜರುಗಿತೋ? ಮಾದಾಪುರದ ಕಡೆಯ ಒಂದು ಬಿರುಕಿನ ಪ್ರಕರಣ

ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ ದಾಟಿ ಮಾದಾಪುರದ ಕಡೆ ಹೋಗುವ ದಾರಿಯಲ್ಲಿ ನಮ್ಮ ದೊಡ್ಡಪ್ಪನ ಕಾಫಿ ತೋಟ ಇದೆ. 2018ರ ಆಗಸ್ಟ್‌ನಲ್ಲಿ ಈ ಭಾಗದ ಗುಡ್ಡಗಳು ಹೇಗೆ ಜರಿದವು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ತೋಟ ಆಗ ಉಳಿಯಿತು. ಆದರೆ ಅದಾಗಿ ಕೆಲವು ವರ್ಷದ ಮೇಲೆ, ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ಹಿಂದಿನ ಬರೆಯ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ, ನೆತ್ತಿಯಲ್ಲಿ ಒಂದು ಬಿರುಕು ಕಾಣಿಸಿತು. ಕೈಬೆರಳು ತೂರುವಷ್ಟು ಅಗಲ, ಮೂವತ್ತು ಹೆಜ್ಜೆ ಉದ್ದ. ಸಿಲ್ವರ್ ಓಕ್ ಮರಗಳ ನಡುವೆ ಬಿಲ್ಲಿನಂತೆ ಬಾಗಿತ್ತು.

ತೋಟದ ಲೆಕ್ಕ ನೋಡುವ ರೈಟರ್ ಅಣ್ಣ ಎರಡು ಗೂಟ ಹೊಡೆದು ಪ್ರತಿ ಬೆಳಿಗ್ಗೆ ಟೇಪಿನಲ್ಲಿ ಅಳೆಯುತ್ತಿದ್ದರು. ಟೇಪು ಮಿಲಿಮೀಟರ್ ತೋರಿಸುತ್ತದೆ, ಅಷ್ಟೆ. ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಇಮೇಜ್ ಸೆನ್ಸರ್ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) ವಿನ್ಯಾಸ ಹೇಳಿಕೊಡುತ್ತೇನೆ. ದೊಡ್ಡಪ್ಪ ಫೋನ್ ಮಾಡಿ, "ನೀನು ಕಲಿತದ್ದು ಇಲ್ಲಿಗೇನಾದರೂ ಬರ್ತದಾ ಮಗಾ?" ಎಂದು ಕೇಳಿದರು. ಮುಂದಿನದು ಆ ಪ್ರಶ್ನೆಯ ಹಿಂದೆ ಕಳೆದ ಎರಡು ಮಳೆಗಾಲದ ಲೆಕ್ಕ.

ಏನು ಅಳೆಯಬೇಕಿತ್ತು

ಬಿರುಕು ಎಷ್ಟು ಅಗಲವಾಗಿದೆ ಎನ್ನುವುದು ಅರ್ಧ ಸುದ್ದಿ ಮಾತ್ರ. ಯಾವ ವೇಗದಲ್ಲಿ ಅಗಲವಾಗುತ್ತಿದೆ, ಆ ವೇಗ ಏರುತ್ತಿದೆಯಾ ಎನ್ನುವುದೇ ಮುಖ್ಯ. ಜಪಾನಿನ ಭೂಕುಸಿತ ಸಂಶೋಧಕ ಫುಕುಝೋನೋ 1985ರಲ್ಲಿ ಒಂದು ಸರಳ ಉಪಾಯ ಕೊಟ್ಟರು. ವೇಗವನ್ನು ತಲೆಕೆಳಗು ಮಾಡಿ, ಅಂದರೆ ಒಂದನ್ನು ವೇಗದಿಂದ ಭಾಗಿಸಿ, ಕಾಲದ ಎದುರು ಗೆರೆ ಎಳೆಯಿರಿ. ಗುಡ್ಡ ಜರಿಯುವ ಹಾದಿಯಲ್ಲಿದ್ದರೆ ಆ ಗೆರೆ ಕೆಳಗಿಳಿಯುತ್ತದೆ. ಅದು ಎಲ್ಲಿ ಸೊನ್ನೆ ಮುಟ್ಟುವಂತೆ ಕಾಣುತ್ತದೋ, ಸುಮಾರು ಅದೇ ಹೊತ್ತಿಗೆ ಕುಸಿತ.

ಉಪಾಯ ಸರಳ, ಹಸಿವು ಜಾಸ್ತಿ. ದಿನಕ್ಕೆ 0.1 ಮಿ.ಮೀ. ಸರಿಯುವ ಗುಡ್ಡ ಒಂದು ಗಂಟೆಯಲ್ಲಿ ಸರಿಯುವುದು 0.004 ಮಿ.ಮೀ. ಅದನ್ನು ಹಿಡಿಯದೆ ಗಂಟೆಗಂಟೆಯ ವೇಗ ಸಿಗುವುದಿಲ್ಲ.

ತಂತಿ ಕಟ್ಟುವ ವಿಧಾನ ಹಳೆಯದು. ಬಿರುಕಿನ ಕೆಳಗೆ, ಸರಿಯುವ ಭಾಗದಲ್ಲಿ ಒಂದು ಗೂಟ. ಮೇಲೆ ಗಟ್ಟಿ ನೆಲದಲ್ಲಿ ಒಂದು ರಾಟೆ. ಗೂಟದಿಂದ ಬಂದ ತಂತಿ ರಾಟೆಯ ಮೇಲೆ ಹಾದು ಒಂದು ತೂಕಕ್ಕೆ ಕೊನೆಯಾಗುತ್ತದೆ. ಬಿರುಕು ಬಿಚ್ಚಿಕೊಂಡರೆ ರಾಟೆ ತಿರುಗುತ್ತದೆ. ನಮ್ಮ ರಾಟೆಯ ಸುತ್ತಳತೆ 200 ಮಿ.ಮೀ. ಅಂದರೆ 0.004 ಮಿ.ಮೀ. ಎಂಬುದು ಒಂದು ಸುತ್ತಿನ ಐವತ್ತು ಸಾವಿರದ ಒಂದು ಭಾಗ. ಗುಡ್ಡದ ಪ್ರಶ್ನೆ ಹೀಗೆ ಕೋನದ ಪ್ರಶ್ನೆಯಾಯಿತು.

ಮೊದಲು ತಂತಿ. ನಮ್ಮ ತಂತಿ ಆರು ಮೀಟರ್. ಸಾದಾ ಉಕ್ಕಾದರೆ 5 ಡಿಗ್ರಿ ಬಿಸಿಗೆ 0.36 ಮಿ.ಮೀ. ಉದ್ದವಾಗುತ್ತದೆ. ಅಂಥ ತಂತಿಗೆ ಎಷ್ಟೇ ಸೂಕ್ಷ್ಮ ಸೆನ್ಸರ್ ಕಟ್ಟಿದರೂ ಸುಮ್ನೆ. ಹಾಗಾಗಿ ಇನ್ವಾರ್ ತಂತಿ ತಂದೆವು. ನಿಕ್ಕಲ್ ಬೆರೆತ ಈ ಕಬ್ಬಿಣವನ್ನು ಭೌತವಿಜ್ಞಾನಿ ಗಿಯೋಮ್ 1896ರಲ್ಲಿ ಕಂಡುಹಿಡಿದರು. ಅದಕ್ಕೇ 1920ರ ನೊಬೆಲ್ ಕೂಡ ಬಂತು. ಹಿಗ್ಗುವುದು ಉಕ್ಕಿನ ಹತ್ತನೇ ಒಂದು ಪಾಲು: ಅದೇ 5 ಡಿಗ್ರಿಗೆ 0.036 ಮಿ.ಮೀ. ಇನ್ನೊಂದು ಅನುಕೂಲವನ್ನು ಕೊಡಗಿನ ಮಳೆಯೇ ಕೊಟ್ಟಿತು. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಹಗಲು-ರಾತ್ರಿಯ ಬಿಸಿಯ ವ್ಯತ್ಯಾಸವೇ ಕಡಿಮೆ. ಸೂರ್ಯ ಮುಖ ತೋರಿಸಿದ ದಿನ ಮಾತ್ರ ಎಚ್ಚರ ಬೇಕು. ತಂತಿಯನ್ನು ಪಿವಿಸಿ ಪೈಪಿನೊಳಗೆ ಹಾಯಿಸಿದೆವು. ಕೊಂಬೆ ಬೀಳುತ್ತದೆ, ಗಾಳಿ ಇದೆ, ಆನೆಯೂ ಇದೆ.

ಮೊದಲ ಮಳೆಗಾಲ: ಅಂಗಡಿ ಸೆನ್ಸರ್

ರಾಟೆಯ ಅಚ್ಚಿಗೆ ಒಂದು ಬಿಲ್ಲೆ ಕೂರಿಸಿದೆವು. 25 ಮಿ.ಮೀ. ತ್ರಿಜ್ಯದಲ್ಲಿ ಸುತ್ತಲೂ 1000 ಕಪ್ಪು ಗೆರೆ, ನಡುವೆ ಅಷ್ಟೇ ಖಾಲಿ ಸಂದು. ಒಂದು ಗೆರೆ, ಒಂದು ಸಂದು ಸೇರಿ ಒಂದು ಜೋಡಿ ಎನ್ನೋಣ. ಒಂದು ಜೋಡಿಯ ಅಗಲ 157 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ತಂತಿಯ ಲೆಕ್ಕದಲ್ಲಿ 0.2 ಮಿ.ಮೀ. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಸೆನ್ಸರ್. ಸೆನ್ಸರ್ ನೋಡುವುದು ಗೆರೆಗಳ ನೆರಳನ್ನು. ಎಲ್ಲವೂ ಒಂದು ಡಬ್ಬಿಯೊಳಗೆ.

ಬಿಲ್ಲೆಯನ್ನು ಸರ್ಕ್ಯೂಟ್ ಬೋರ್ಡ್‌ಗೆ ಬಳಸುವ ಪಾಲಿಯೆಸ್ಟರ್ ಫಿಲ್ಮಿನಲ್ಲಿ ಹೊಡೆಸಿದ್ದೆವು. ಫಿಲ್ಮು ತೇವಕ್ಕೆ ಹಿಗ್ಗುತ್ತದೆ ಎಂದು ಗೊತ್ತಿತ್ತು. ಆದರೆ ಕೋನಕ್ಕೆ ಒಂದು ದೊಡ್ಡ ಗುಣ ಇದೆ. ಬಿಲ್ಲೆ ಎಲ್ಲ ಕಡೆಗೂ ಸಮನಾಗಿ ಹಿಗ್ಗಿದರೆ ಗೆರೆಗಳ ನಡುವಿನ ಕೋನ ಬದಲಾಗುವುದಿಲ್ಲ. ದೋಸೆ ದೊಡ್ಡದಾದರೂ ನಾಲ್ಕು ತುಂಡು ಮಾಡಿದರೆ ಕಾಲು ಕಾಲೇ ಅಲ್ವಾ?

ಸೆನ್ಸರ್ ತೋಶಿಬಾದ ಟಿಸಿಡಿ 1304. ಬಾರ್‌ಕೋಡ್ ಓದುವ ಯಂತ್ರಗಳಿಗೆಂದು ಬಂದದ್ದು, ಹವ್ಯಾಸಿಗಳಿಗೂ ಅಚ್ಚುಮೆಚ್ಚು. ಒಂದೇ ಸಾಲಿನಲ್ಲಿ 3648 ಪಿಕ್ಸೆಲ್. ಪ್ರತಿಯೊಂದೂ 8 ಮೈಕ್ರಾನ್ ಅಗಲ, 200 ಮೈಕ್ರಾನ್ ಎತ್ತರ. ಇಷ್ಟು ಪಿಕ್ಸೆಲ್ ಇದ್ದ ಮೇಲೆ ಚಿಂತೆ ಏನು ಎಂದುಕೊಂಡಿದ್ದೆ.

ಚಿಂತೆ ಆಕಾರದ್ದು. ಸೆನ್ಸರ್ ನೇರ ಸಾಲು, ಬಿಲ್ಲೆಯ ಗೆರೆಗಳು ಬೀಸಣಿಗೆಯ ಕಡ್ಡಿಗಳು. ಸಾಲಿನ ನಡುವೆ ಗೆರೆ ಪಿಕ್ಸೆಲ್‌ಗೆ ಸಮಾನಾಂತರ. ಸಾಲಿನ ತುದಿಗೆ ಹೋದರೆ ಗೆರೆ 30 ಡಿಗ್ರಿ ವಾಲಿರುತ್ತದೆ. ಉದ್ದನೆಯ ಒಂದೇ ಪಿಕ್ಸೆಲ್‌ನ ತಲೆಯಲ್ಲಿ ಗೆರೆ, ಬುಡದಲ್ಲಿ ಸಂದು. ನೆರಳು-ಬೆಳಕಿನ ವ್ಯತ್ಯಾಸ ಅರ್ಧದಷ್ಟು ಕರಗಿಹೋಗುತ್ತದೆ. ಕೊನೆಗೆ ನಡುವಿನ 500 ಪಿಕ್ಸೆಲ್ ಮಾತ್ರ ಬಳಸಿದೆವು. ಉಳಿದ ಮೂರು ಸಾವಿರಕ್ಕೂ ಜಾಸ್ತಿ ಪಿಕ್ಸೆಲ್‌ಗಳನ್ನು ಪ್ರತಿ ಸಲವೂ ಹೊರಗೆ ಓದಿ ಎಸೆಯುವುದು. ಹದಿನೈದು ದಿನ ಬಿಸಿಲಿಲ್ಲದ ಊರಿನಲ್ಲಿ, ಸೋಲಾರ್ ಪ್ಯಾನೆಲ್ ನೆಚ್ಚಿಕೊಂಡ ಬ್ಯಾಟರಿಗೆ ಇದು ಸಣ್ಣ ಖರ್ಚಲ್ಲ.

ಜೂನ್ ಕೊನೆಯಿಂದ ಓದು ಬರತೊಡಗಿತು. ಜುಲೈಯಲ್ಲಿ ಎರಡು ವಿಚಿತ್ರ ಕಂಡವು.

ಮೊದಲನೆಯದು, ಗುಡ್ಡ ಉಸಿರಾಡಿದ ಹಾಗೆ. ವೇಗ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಸುಮಾರು ಎರಡು ದಿನಕ್ಕೊಮ್ಮೆ. ದೊಡ್ಡಪ್ಪ ತಮ್ಮ ಮಳೆ ಪುಸ್ತಕ ತೆಗೆದು ಇಂಚುಗಳನ್ನು ಹೊಂದಿಸಿ ನೋಡಿದರು. ಮಳೆಗೂ ಇದಕ್ಕೂ ಸಂಬಂಧವೇ ಇಲ್ಲ. ಆಮೇಲೆ ನನಗೆ ಹೊಳೆಯಿತು: ಆ ವಾರ ಗುಡ್ಡದ ಸರಾಸರಿ ವೇಗ ದಿನಕ್ಕೆ 0.1 ಮಿ.ಮೀ. ಎರಡು ದಿನಕ್ಕೆ 0.2. ಸರಿಯಾಗಿ ಒಂದು ಜೋಡಿ ಗೆರೆ! ಉಸಿರಾಡುತ್ತಿದ್ದದ್ದು ನಮ್ಮ ಲೆಕ್ಕ.

ಇಲ್ಲೊಂದು ಮಾತು ಹೇಳಲೇಬೇಕು, ಯಾಕೆಂದರೆ ನನ್ನ ವಿದ್ಯಾರ್ಥಿಗಳೂ ಇಲ್ಲೇ ಎಡವುತ್ತಾರೆ. ಬಿಲ್ಲೆ ನಡುವಿನಿಂದ 20 ಮೈಕ್ರಾನ್ ಆಚೀಚೆ ಕೂತಿದೆ ಎನ್ನಿ. ತಂತಿಯ ಲೆಕ್ಕದಲ್ಲಿ 0.025 ಮಿ.ಮೀ. ತಪ್ಪು. ದೊಡ್ಡದಾಗಿ ಕೇಳಿಸುತ್ತದೆ. ಆದರೆ ಅದು ಒಂದು ಪೂರ್ತಿ ಸುತ್ತಿಗೆ, ಅಂದರೆ 200 ಮಿ.ಮೀ.ಗೆ ಹರಡಿಕೊಂಡಿರುತ್ತದೆ. ವೇಗದಲ್ಲಿ ಅದರ ಪಾಲು ಶೇ 0.08, ಮರೆತುಬಿಡಬಹುದು. ಇನ್ನೊಂದು ಕಡೆ, ಒಂದು ಜೋಡಿಯೊಳಗೆ ಶೇ 1ರ ತಪ್ಪು ಇದೆ ಎನ್ನಿ. ಬರೀ 0.002 ಮಿ.ಮೀ. ಆದರೆ ಅದು 0.2 ಮಿ.ಮೀ. ಒಳಗೇ ಏರಿ ಇಳಿಯುತ್ತದೆ. ವೇಗವನ್ನು ಅದು ಶೇ 6ರಷ್ಟು ಕುಣಿಸುತ್ತದೆ. ಹತ್ತು ಪಟ್ಟು ಚಿಕ್ಕ ತಪ್ಪು ಎಪ್ಪತ್ತೆಂಬತ್ತು ಪಟ್ಟು ಹೆಚ್ಚು ಕಾಡುತ್ತದೆ. ವೇಗ ಬೇಕಾದವರು ತಪ್ಪಿನ ಗಾತ್ರ ನೋಡಬಾರದು, ಅದು ಎಷ್ಟು ಕಡಿದಾಗಿ ಏರಿಳಿಯುತ್ತದೆ ಎಂದು ನೋಡಬೇಕು.

ಉಸಿರಾಟದ ಕಾರಣ ಹುಡುಕಿದಾಗ ನಾಚಿಕೆಯಾಯಿತು. ನಾವು ತೆಗೆದುಕೊಂಡ 500 ಪಿಕ್ಸೆಲ್‌ನಲ್ಲಿ ಇಪ್ಪತ್ತೈದೂವರೆ ಜೋಡಿ ಕೂತಿದ್ದವು. ಆ ಮಿಕ್ಕ ಅರ್ಧ ಜೋಡಿ ಲೆಕ್ಕವನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆಯುತ್ತಿತ್ತು. ಅಂಚಿನ ಪಿಕ್ಸೆಲ್‌ಗಳಿಗೆ ಕಡಿಮೆ ತೂಕ, ನಡುವಿನವಕ್ಕೆ ಜಾಸ್ತಿ ತೂಕ ಕೊಟ್ಟು ಪ್ರೋಗ್ರಾಂ ತಿದ್ದಿದೆವು. ಬಹುಪಾಲು ಹೋಯಿತು.

ಎರಡನೆಯ ವಿಚಿತ್ರ ಇದಕ್ಕಿಂತ ಕಠಿಣ. ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ಮಳೆ ಬಿಟ್ಟು ಚುರುಕು ಬಿಸಿಲು ಬಂತು. ಎರಡು ಗಂಟೆಯಲ್ಲಿ ಬಿರುಕು 0.03 ಮಿ.ಮೀ. ಬಿಚ್ಚಿಕೊಂಡಿತು, ಅಂದರೆ ಓದು ಹಾಗೆ ಹೇಳಿತು. ನಾನು ಬೆಂಗಳೂರಿನಲ್ಲಿ ಫೋನ್ ಹಿಡಿದು ಕೂತಿದ್ದೆ. ತಂತಿ ಬಿಸಿಗೆ ಹಿಗ್ಗಿದ್ದೇ? ಅಲ್ಲ. ತಂತಿ ಉದ್ದವಾದರೆ ತೂಕ ಕೆಳಗಿಳಿಯುತ್ತದೆ, ರಾಟೆ ಉಲ್ಟಾ ತಿರುಗುತ್ತದೆ, ಬಿರುಕು ಮುಚ್ಚಿಕೊಂಡಂತೆ ಕಾಣಬೇಕು. ಇದು ಬಿಚ್ಚಿಕೊಳ್ಳುವ ದಿಕ್ಕಿನಲ್ಲೇ ಇತ್ತು. ಹಾಗಾದರೆ ನಿಜವಾಗಿ ಗುಡ್ಡವೇ?

ರೈಟರ್ ಅಣ್ಣ ಮೇಲೆ ಹತ್ತಿ ನೋಡಿದರು. "ಬಿರುಕು ಹಾಗೇ ಇದೆ. ನಿಮ್ಮ ಡಬ್ಬಿ ಮಾತ್ರ ಕೈ ಸುಡ್ತದೆ" ಎಂದರು.

ಡಬ್ಬಿ ತ್ರೀಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ಮಾಡಿದ್ದು, ಬಣ್ಣ ಕಪ್ಪು. ಪಿಎಲ್‌ಎ 60 ಡಿಗ್ರಿಯ ಹತ್ತಿರ ಮೆತ್ತಗಾಗತೊಡಗುತ್ತದೆ. ಸ್ಕ್ರೂ ಬಿಗಿದ ಕಡೆ ಅದಕ್ಕೂ ಮೊದಲೇ ಸೋಲುತ್ತದೆ. ಸೆನ್ಸರ್ ಗೆರೆಗಳಿಗೆ ಅಡ್ಡವಾಗಿ 24 ಮೈಕ್ರಾನ್ ಸರಿದರೆ ಸಾಕು, ಓದಿನಲ್ಲಿ 0.03 ಮಿ.ಮೀ. ಗುಡ್ಡ ಜರುಗಿದಂತೆ ಕಾಣುತ್ತದೆ. ಒಂದು ಸೆನ್ಸರ್‌ಗೆ ಬಿಲ್ಲೆ ತಿರುಗಿದ್ದೂ ತಾನು ಸರಿದದ್ದೂ ಒಂದೇ.

ಎರಡನೇ ಮಳೆಗಾಲ: ನಮ್ಮದೇ ಚಿಪ್

ಇದಕ್ಕೆ ಮದ್ದು ಇನ್ನೂರು ವರ್ಷಕ್ಕಿಂತ ಹಳೆಯದು. ಭೂಮಾಪನದಲ್ಲಿ ಕೋನ ಅಳೆಯುವ ದೊಡ್ಡ ಥಿಯೋಡೊಲೈಟ್‌ಗಳಲ್ಲಿ ವೃತ್ತದ ಎದುರುಬದುರು ಎರಡು ಕಡೆ ಸೂಕ್ಷ್ಮದರ್ಶಕ ಇಟ್ಟು ಓದುತ್ತಿದ್ದರು. ವೃತ್ತ ತಿರುಗಿದರೆ ಎರಡೂ ಓದು ಒಂದೇ ದಿಕ್ಕಿಗೆ ಬದಲಾಗುತ್ತವೆ. ವೃತ್ತ ಅಥವಾ ಚೌಕಟ್ಟು ಪಕ್ಕಕ್ಕೆ ಸರಿದರೆ ಒಂದು ಹೆಚ್ಚು, ಒಂದು ಕಡಿಮೆ. ಸರಾಸರಿ ತೆಗೆದರೆ ಸರಿದದ್ದು ಅಳಿಸಿಹೋಗುತ್ತದೆ. ಎಲ್ಲರೂ ಹೇಳುವುದು ಇಷ್ಟೇ. ನನಗೆ ಬೇಕಾಗಿದ್ದದ್ದು ಸರಾಸರಿಯ ಜೊತೆಗೆ ವ್ಯತ್ಯಾಸವೂ. ವ್ಯತ್ಯಾಸ ಬದಲಾಗುತ್ತಿದ್ದರೆ ಡಬ್ಬಿಗೆ ಏನೋ ಆಗಿದೆ. ಸರಾಸರಿ ಬದಲಾಗಿ ವ್ಯತ್ಯಾಸ ಅಲ್ಲೇ ನಿಂತಿದ್ದರೆ ಗುಡ್ಡ.

ಎರಡು ಟಿಸಿಡಿ ಇಟ್ಟರೆ ಬ್ಯಾಟರಿ ತಾಳುವುದಿಲ್ಲ. ಅದೇ ಹೊತ್ತಿಗೆ ವಿದ್ಯಾರ್ಥಿಗಳಿಗೆ 180 ನ್ಯಾನೋಮೀಟರ್ ಸಿಮಾಸ್ (ಚಿಪ್ ತಯಾರಿಸುವ ಒಂದು ವಿಧಾನ) ಶಟಲ್‌ನಲ್ಲಿ ಸ್ವಲ್ಪ ಜಾಗ ಸಿಕ್ಕಿತು. ಹಲವರ ವಿನ್ಯಾಸಗಳನ್ನು ಒಂದೇ ಸಿಲಿಕಾನ್ ತಟ್ಟೆಯ ಮೇಲೆ ಸೇರಿಸಿ ಮಾಡುವುದಕ್ಕೆ ಶಟಲ್ ಎನ್ನುತ್ತಾರೆ. ಬಸ್ಸಿನಲ್ಲಿ ಒಂದು ಸೀಟು ಸಿಕ್ಕಿದ ಹಾಗೆ. ನಮ್ಮ ಸೀಟು ಎರಡೂವರೆ ಮಿ.ಮೀ. ಚೌಕ.

ಅದರಲ್ಲಿ 16 ಪಿಕ್ಸೆಲ್ ಮಾತ್ರ ಬಿಡಿಸಿದೆವು. ಹೌದು, ಮೂರೂವರೆ ಸಾವಿರದಿಂದ ಹದಿನಾರಕ್ಕೆ.

ಒಂದೊಂದು ಪಿಕ್ಸೆಲ್ ಬೀಸಣಿಗೆಯ ಒಂದು ಪಟ್ಟಿಯಂತೆ, ಬಿಲ್ಲೆಯ ನಡುವಿನ ಕಡೆ ಕಿರಿದಾಗುವ ಆಕಾರ. ಗೆರೆ ಎಲ್ಲಿದ್ದರೂ ಪಿಕ್ಸೆಲ್‌ನ ಅಂಚಿಗೆ ಸಮನಾಗಿ ಬರುತ್ತದೆ. ಹಾಗಾಗಿ ಎತ್ತರವನ್ನು ಧೈರ್ಯವಾಗಿ 600 ಮೈಕ್ರಾನ್‌ಗೆ ಏರಿಸಬಹುದಾಯಿತು. ಎತ್ತರ ಯಾಕೆ ಬೇಕು? ಕ್ಯಾಮೆರಾ ಲೆನ್ಸಿಗೂ ಬೂಷ್ಟು ಹಿಡಿಯುವ ಊರು ಇದು. ಬಿಲ್ಲೆಯ ಮೇಲೆ ಒಂದು ಹನಿ ಕೂತರೆ ಅಷ್ಟು ಉದ್ದದ ಪಿಕ್ಸೆಲ್‌ನಲ್ಲಿ ಅದರ ಪಾಲು ಚಿಕ್ಕದು.

ಪಿಕ್ಸೆಲ್‌ಗಳ ನಡುವಿನ ದೂರ ಮುಕ್ಕಾಲು ಜೋಡಿ. ಸಾಲಾಗಿ ನೋಡುತ್ತಾ ಹೋದರೆ ಪ್ರತಿ ಪಿಕ್ಸೆಲ್ ನೆರಳಿನ ಅಲೆಯನ್ನು ಕಾಲು ಸುತ್ತು ಆಚೆಗೆ ಹಿಡಿಯುತ್ತದೆ. ನಾಲ್ಕಕ್ಕೊಂದರಂತೆ ತಂತಿ ಜೋಡಿಸಿದರೆ ಹೊರಗೆ ಬರುವುದು ನಾಲ್ಕೇ ಸಂಖ್ಯೆ. ಎದುರಿನವುಗಳನ್ನು ಕಳೆದರೆ ಸೈನ್, ಕೊಸೈನ್. ಅಲ್ಲಿಂದ ಕೋನ. ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ಎದ್ದು, ಎಲ್‌ಇಡಿಯನ್ನು ಒಂದು ಮಿಲಿಸೆಕೆಂಡ್ ಮಿನುಗಿಸಿ, ನಾಲ್ಕು ಸಂಖ್ಯೆ ಓದಿ ಮಲಗುತ್ತದೆ.

ನಾಲ್ಕೇ ಮಾದರಿಗೆ ಇಳಿದರೆ ಒಂದು ಅಪಾಯ ಇದೆ. ಗೆರೆಯ ನೆರಳು ನುಣುಪಾದ ಅಲೆಯಲ್ಲ, ಚೌಕದ ಹಾಗೆ. ಅದರೊಳಗೆ ಮೂರು ಪಟ್ಟು ಮತ್ತು ಐದು ಪಟ್ಟು ಕಿರಿದಾದ ಮರಿ ಅಲೆಗಳು ಅಡಗಿರುತ್ತವೆ. ನಾಲ್ಕು ಪಿಕ್ಸೆಲ್‌ಗೆ ಈ ಮರಿಗಳು ತಾಯಿಯಂತೆಯೇ ಕಾಣುತ್ತವೆ. ಮತ್ತೆ ಗುಡ್ಡ ಉಸಿರಾಡತೊಡಗುತ್ತದೆ.

ಮೂರು ಪಟ್ಟಿನ ಮರಿಯನ್ನು ಪಿಕ್ಸೆಲ್‌ನ ಅಗಲದಿಂದಲೇ ಕೊಂದೆವು. ಅಗಲ ಸರಿಯಾಗಿ ಜೋಡಿಯ ಮೂರನೇ ಒಂದು ಪಾಲಾದರೆ, ಆ ಮರಿ ಅಲೆಯ ಒಂದು ಪೂರ್ತಿ ಏರಿಳಿತ ಒಂದೇ ಪಿಕ್ಸೆಲ್‌ನ ಒಳಗೆ ಬರುತ್ತದೆ. ಕೂಡಿದರೆ ಸೊನ್ನೆ. ಯಾವ ಪ್ರೋಗ್ರಾಮೂ ಬೇಡ. ಐದು ಪಟ್ಟಿನದನ್ನು ಬೆಳಕಿನಿಂದ. ಎಲ್‌ಇಡಿಯ ಮುಂದೆ 1.3 ಮಿ.ಮೀ. ಅಗಲದ ಸೀಳು ಇಟ್ಟೆವು. ಅಲ್ಲಿಂದ ಬಿಲ್ಲೆಗೆ 20 ಮಿ.ಮೀ., ಬಿಲ್ಲೆಯಿಂದ ಚಿಪ್‌ಗೆ ಅರ್ಧ ಮಿ.ಮೀ. ನೆರಳಿನ ಅಂಚು 32 ಮೈಕ್ರಾನ್‌ನಷ್ಟು ಮಸುಕಾಗುತ್ತದೆ, ಅಂದರೆ ಜೋಡಿಯ ಐದನೇ ಒಂದು ಪಾಲು. ಚೂಪಾದ ನೆರಳೇ ಒಳ್ಳೆಯದು ಎಂದು ನಂಬಿದ್ದ ಮಕ್ಕಳಿಗೆ ಇದನ್ನು ಒಪ್ಪಿಸಲು ಒಂದು ವಾರ ಹಿಡಿಯಿತು.

ಚಿಪ್‌ನ ನಕ್ಷೆ ಕಳಿಸುವ ಹಿಂದಿನ ದಿನ ಒಬ್ಬಳು ಹುಡುಗಿ ಬಂದು, "ನೆರಳು ವಸ್ತುವಿಗಿಂತ ದೊಡ್ಡದಲ್ವಾ?" ಎಂದಳು. ದೊಡ್ಡದೇ. ಇಪ್ಪತ್ತಕ್ಕೆ ಅರ್ಧ, ಅಂದರೆ ಶೇ 2.5. ಬಿಲ್ಲೆಯಲ್ಲಿ 157 ಮೈಕ್ರಾನ್ ಇದ್ದದ್ದು ಚಿಪ್ ಮೇಲೆ 161. ಹನ್ನೆರಡು ಜೋಡಿ ದಾಟುವಷ್ಟರಲ್ಲಿ ಕಾಲು ಜೋಡಿಗಿಂತ ಜಾಸ್ತಿ ತಪ್ಪಿಹೋಗುತ್ತಿತ್ತು. ಆ ರಾತ್ರಿ ಎಲ್ಲ ಅಳತೆಗಳನ್ನೂ ಮತ್ತೆ ಬಿಡಿಸಿದೆವು.

ಎಲ್‌ಇಡಿಯ ಬಣ್ಣವೂ ಬದಲಾಯಿತು. ಇಂಥ ಕೆಲಸಕ್ಕೆ 850 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ ಬಳಸುವುದು ರೂಢಿ. ಆದರೆ ಆ ಬೆಳಕು ಸಿಲಿಕಾನ್‌ನಲ್ಲಿ ಸುಮಾರು 18 ಮೈಕ್ರಾನ್ ಆಳಕ್ಕೆ ಇಳಿಯುತ್ತದೆ. ಅಲ್ಲಿ ಹುಟ್ಟಿದ ಎಲೆಕ್ಟ್ರಾನ್ ಮೇಲೆ ಬರುವಾಗ ದಾರಿ ತಪ್ಪಿ ಪಕ್ಕದ ಪಿಕ್ಸೆಲ್‌ಗೆ ಸೇರುತ್ತದೆ. 650ರ ಕೆಂಪು ಬೆಳಕು ಮೂರು-ನಾಲ್ಕು ಮೈಕ್ರಾನ್‌ನಲ್ಲೇ ಮುಗಿಯುತ್ತದೆ. ಕೆಂಪೇ ಸರಿ ಎಂದೆವು. ಸದ್ದಿನ (ಅಳತೆಯಲ್ಲಿ ಬೆರೆಯುವ ಏರುಪೇರಿನ) ಲೆಕ್ಕವನ್ನೂ ಹಾಕಿದ್ದೆ: ಹತ್ತು ಲಕ್ಷ ಎಲೆಕ್ಟ್ರಾನ್ ಕೂಡಿದರೆ ಬೆಳಕಿನ ಸಹಜ ಏರುಪೇರಿನಿಂದ ಬರುವ ತಪ್ಪು ಹತ್ತಾರು ನ್ಯಾನೋಮೀಟರ್ ಅಷ್ಟೆ. ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಡಬ್ಬಿ ಈ ಸಲ ಅಲ್ಯೂಮಿನಿಯಂ, ಬಿಳಿ ಬಣ್ಣ. ಬಿಲ್ಲೆ ಗಾಜಿನ ಮೇಲೆ ಕ್ರೋಮ್. ಎರಡು ಚಿಪ್ ಎದುರುಬದುರು. ಜೊತೆಗೆ ಅಚ್ಚಿನ ತುದಿಯಲ್ಲಿ ಒಂದು ಅಗ್ಗದ ಮ್ಯಾಗ್ನೆಟಿಕ್ ಸೆನ್ಸರ್. ಸುತ್ತಿಗೆ 4096 ಮೆಟ್ಟಿಲು, ಒಂದು ಮೆಟ್ಟಿಲು ಸುಮಾರು 0.05 ಮಿ.ಮೀ. ನಮ್ಮ ಚಿಪ್‌ಗೆ ಒಂದು ದೌರ್ಬಲ್ಯ ಇದೆ: ಹತ್ತು ನಿಮಿಷದಲ್ಲಿ ಗುಡ್ಡ 0.1 ಮಿ.ಮೀ.ಗಿಂತ ಜಾಸ್ತಿ ಓಡಿದರೆ ಎಷ್ಟು ಜೋಡಿ ದಾಟಿತು ಎಂದು ಅದಕ್ಕೆ ತಿಳಿಯುವುದಿಲ್ಲ. ಎಣಿಕೆ ಮ್ಯಾಗ್ನೆಟ್‌ದು. ಸೈರನ್ ಕೂಡ ಅದಕ್ಕೇ ಕಟ್ಟಿದ್ದೇವೆ. ಜೀವ ಉಳಿಸುವ ಕೆಲಸವನ್ನು ಒರಟಾದ, ಸರಳವಾದ ವಸ್ತುವಿಗೆ ಕೊಡುವುದೇ ಕ್ಷೇಮ. ನಮ್ಮ ಚಿಪ್‌ನ ಕೆಲಸ ಅದಕ್ಕೂ ಮೊದಲಿನ ದಿನಗಳದ್ದು.

ಆ ರಾತ್ರಿ

ಆಗಸ್ಟ್‌ನ ಒಂದು ದಿನ ಸಂಜೆಯವರೆಗೆ ಆರಿಂಚು ಮಳೆ ಬಿತ್ತು. ದೊಡ್ಡಪ್ಪ ಯಾವ ಓದಿಗೂ ಕಾಯಲಿಲ್ಲ. ಲೈನ್ ಮನೆಯ ನಾಲ್ಕು ಸಂಸಾರಗಳನ್ನೂ ಕತ್ತಲಾಗುವ ಮೊದಲೇ ಮನೆಯ ಹತ್ತಿರದ ಕಾಫಿ ಗೋದಾಮಿಗೆ ಕರೆಸಿದರು. ಅದು ಸರಿ. ಬಿರುಕಿರುವ ಬರೆಯ ಕೆಳಗೆ ಆರಿಂಚು ಮಳೆಯಲ್ಲಿ ಯಾರೂ ಮಲಗಬಾರದು, ಸೆನ್ಸರ್ ಏನೇ ಹೇಳಲಿ.

ರಾತ್ರಿ ಒಂಬತ್ತಕ್ಕೆ ವೇಗ ಗಂಟೆಗೆ 0.02 ಮಿ.ಮೀ. ತಲೆಕೆಳಗು ಮಾಡಿದರೆ 50. ನಡುರಾತ್ರಿ ದಾಟಿ ಒಂದಕ್ಕೆ ವೇಗ 0.06, ತಲೆಕೆಳಗಿನ ಲೆಕ್ಕ 17. ಅಡಿಗೋಲು ಇಟ್ಟು ಗೆರೆ ಎಳೆದೆ. ಮೂರು ಗಂಟೆಯ ಹತ್ತಿರ ಸೊನ್ನೆ.

ಎರಡು ಚಿಪ್‌ಗಳ ವ್ಯತ್ಯಾಸ ನೋಡಿದೆ. ಅಲ್ಲಾಡಿರಲಿಲ್ಲ. ಡಬ್ಬಿಯಲ್ಲ, ಗುಡ್ಡವೇ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. "ದೊಡ್ಡಪ್ಪ, ಯಾರೂ ಆ ಕಡೆ ಹೋಗಬೇಡಿ. ದನ ಬಿಚ್ಚುವುದಕ್ಕೂ ಬೇಡ." ಅವರು, "ದನ ಆಗಲೇ ಇಲ್ಲಿವೆ. ನೀನು ಮಲಗು" ಎಂದರು. ಮಲಗುವುದೆಲ್ಲಿ.

ಎರಡು ಗಂಟೆಗೆ ಮಳೆ ಸಣ್ಣಗಾಯಿತಂತೆ. ಮೂರಕ್ಕೆ ಲೆಕ್ಕ 25ಕ್ಕೆ ಏರಿತ್ತು. ಆರಕ್ಕೆ ಮತ್ತೆ 50ರ ಹತ್ತಿರ. ರಾತ್ರಿಯಿಡೀ ಬಿರುಕು ಬಿಚ್ಚಿಕೊಂಡದ್ದು 0.32 ಮಿ.ಮೀ. ಬೆಳಿಗ್ಗೆ ರೈಟರ್ ಅಣ್ಣ ಟೇಪು ಹಿಡಿದರು. ಟೇಪಿನಲ್ಲಿ ನಿನ್ನೆಯದೇ ಅಂಕಿ.

ಆ ಸಂಸಾರಗಳು ಮಳೆ ಮುಗಿಯುವವರೆಗೂ ಕೆಳಗಿನ ಲೈನಿಗೆ ಹಿಂತಿರುಗಲಿಲ್ಲ. ಈಗ ಹೊಸ ಲೈನ್ ಕಟ್ಟುವ ಜಾಗ ಗುರುತಾಗಿದೆ, ಕಣದ ಪಕ್ಕದ ಸಮತಟ್ಟಿನಲ್ಲಿ. ಬಿರುಕಿನ ಮೇಲೆ ಟಾರ್ಪಾಲು ಹೊದಿಸಿ, ಮೇಲಿನ ನೀರು ಬೇರೆ ಕಡೆ ಹರಿಯಲು ಚರಂಡಿ ತೆಗೆದಿದ್ದಾರೆ. ನನ್ನನ್ನು ಕೇಳಿದರೆ ಆ ಚರಂಡಿ ನಮ್ಮ ಚಿಪ್‌ಗಿಂತ ದೊಡ್ಡ ಕೆಲಸ.

ಡಬ್ಬಿ ಇನ್ನೂ ಅಲ್ಲೇ ಇದೆ. ದೊಡ್ಡಪ್ಪನ ಮಳೆ ಪುಸ್ತಕದಲ್ಲಿ ಇಂಚಿನ ಪಕ್ಕ ಒಂದು ಹೊಸ ಕಲಂ ಬಂದಿದೆ. ಪಕ್ಕದ ತೋಟದವರು ತಮ್ಮ ರಸ್ತೆಯ ಮೇಲಿನ ಬರೆಗೂ ಒಂದು ಬೇಕು ಎಂದಿದ್ದಾರೆ. ಅಲ್ಲಿ ಜಾಗ ಇಕ್ಕಟ್ಟು, ಚಿಕ್ಕ ಡಬ್ಬಿ ಬೇಕು. ಆದರೆ ಬೀಸಣಿಗೆ ಪಿಕ್ಸೆಲ್‌ನ ತೊಂದರೆಯೇ ಅದು. 25 ಮಿ.ಮೀ. ತ್ರಿಜ್ಯಕ್ಕೆ ಕತ್ತರಿಸಿದ ಚಿಪ್ ಬೇರೆ ಬಿಲ್ಲೆಗೆ ಒಗ್ಗುವುದಿಲ್ಲ. ಸದ್ಯಕ್ಕೆ ಬಿಲ್ಲೆಯನ್ನು ಹಾಗೇ ಇಟ್ಟು, ಡಬ್ಬಿಯನ್ನು ನಿಲ್ಲಿಸಿ ಕಟ್ಟುವ ಹಾಗೆ ಬಿಡಿಸುತ್ತಿದ್ದೇವೆ.